ಫಾಟಕ ಬಿದ್ದಾಗ

ಆಳಂದ, ಅಫಜಲಪುರ, ಜೇವರ್ಗಿ: ಮೂರೂ ಪಟ್ಟಣಗಳಲ್ಲಿ ರೈಲು ನಿಲ್ದಾಣವಿಲ್ಲ. ಆದರೂ ಹಳಿ ದಾಟದೆ ಇಲ್ಲಿಯವರ ಬಾಳ್ವೆ ನಡೆಯುವುದಿಲ್ಲ. 1871ರಲ್ಲಿ ರಾಯಚೂರಿನ ಬಳಿ ಮದ್ರಾಸಿನ ಹಳಿಯನ್ನು ಕೂಡಿಕೊಂಡ ಮುಂಬೈ ಹಳಿ ಈ ಕರಿಮಣ್ಣಿಗೆ ಉಡದಾರ ಕಟ್ಟಿದಂತಿದೆ. ಆಳಂದ ಅದರ ಬಡಗಲಿಗೆ, ಉಳಿದೆರಡು ತೆಂಕಲಿಗೆ. ಆಳಂದದವರು ಗಾಣಗಾಪುರದ ದತ್ತನ ಪಾದುಕೆಗೆ ಹೊರಟರೂ, ಜೇವರ್ಗಿಯವರು ತೊಗರಿ ಹೇರಿಕೊಂಡು ಕಲಬುರಗಿಯ ಗಂಜ್‌ಗೆ ಬಂದರೂ ನಡುವೆ ಅದೇ ಹಳಿ.

ಮಾಗಿಯ ಬೆಳಗು, ಹಳ್ಳಿ ದಾರಿಯ ಒಂದು ಫಾಟಕ. ಗಂಟೆ ಬಾರಿಸುತ್ತ ಪಟ್ಟೆ ಬಳಿದ ತೊಲೆ ಇಳಿಯಿತು. ಮೊದಲು ನಿಂತದ್ದು ಎರಡು ಟ್ರೇಲರು ಕಬ್ಬು ಎಳೆದ ಟ್ರ್ಯಾಕ್ಟರು. ಅದರ ಬೆನ್ನಿಗೆ ಟಂಟಂ. ಒಳಗೆ ರೊಟ್ಟಿಗಂಟು ತೊಡೆಯ ಮೇಲಿಟ್ಟುಕೊಂಡ ಕೂಲಿ ಹೆಣ್ಣುಮಕ್ಕಳು. ಐದು ನಿಮಿಷಕ್ಕೆ ರಸ್ತೆಯ ಬಲಮಗ್ಗುಲೂ ತುಂಬಿತು. ಆಚೆ ದಿಕ್ಕಿನಲ್ಲೂ ಹಾಗೆಯೇ. ತೊಲೆ ಎದ್ದ ಕೂಡಲೇ ಎರಡೂ ಹಿಂಡು ಎದುರುಬದುರಾಗಿ ಸಿಕ್ಕಿಕೊಳ್ಳುವುದು ಹಳಿಯ ಮೇಲೆಯೇ! ಟ್ರ್ಯಾಕ್ಟರ್ ಬಂದ್ ಬಿದ್ದರೂ ಅಲ್ಲೇ.

‘ಕಾಕಾ, ಗಾಡಿ ಎಲ್ಲದ? ಜರಾ ತಗೀರಲ್ಲ!’ ಬೈಕಿನ ಹುಡುಗನ ಕೂಗು.

‘ಕೀಲಿನೇ ಬರಂಗಿಲ್ಲ ತಮ್ಮಾ. ಸಿಗ್ನಲ್ ಕೊಟ್ಟಾಗ್ಯದ.’

ಹುಡುಗ ನಂಬಲಿಲ್ಲ. ಮಾತು ಮಾತ್ರ ನಿಜ. ಇಂಟರ್‌ಲಾಕ್ ಇರುವ ಫಾಟಕ ಬಿದ್ದು ಬೀಗ ಬೀಳುವ ತನಕ ರೈಲಿಗೆ ಸಿಗ್ನಲ್ ಸಿಗದು. ಸಿಗ್ನಲ್ ಸಿಕ್ಕ ಮೇಲೆ ರೈಲು ದಾಟುವ ತನಕ ಬೀಗ ತೆರೆಯದು. ಗೇಟ್‌ಮನ್‌ನ ಮೇಲೆ ರೇಗುವವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತೋ! ಬೈಗುಳ ತಿನ್ನುವುದೂ ಅವನ ನೌಕರಿಯ ಭಾಗವೇ ಆಗಿಬಿಟ್ಟಿದೆ.

ಎಕ್ಸ್‌ಪ್ರೆಸ್ ಧೂಳೆಬ್ಬಿಸಿ ಹೋಯಿತು. ಎಲ್ಲ ಎಂಜಿನ್ನುಗಳೂ ಒಮ್ಮೆಗೇ ಗುಡುಗಿದವು. ತೊಲೆ ಏಳಲಿಲ್ಲ. ಹುಡುಗ ಬೈಕನ್ನು ಓರೆ ಮಾಡಿ ತೊಲೆಯಡಿ ತಲೆ ಬಗ್ಗಿಸಿದ. ಗೇಟ್‌ಮನ್ ಸೀಟಿ ಊದುತ್ತಲೇ ಓಡಿಬಂದು ಹ್ಯಾಂಡಲ್ ಹಿಡಿದ. ಹೊರಟುಹೋದ ಬೋಗಿಗಳ ಮರೆಯಿಂದ, ಇನ್ನೊಂದು ಹಳಿಯ ಮೇಲೆ, ಎದುರು ದಿಕ್ಕಿನ ಗೂಡ್ಸ್ ಗಾಡಿ ಎದ್ದು ಬಂತು. ಜೋಡಿಹಳಿಯ ಫಾಟಕದಲ್ಲಿ ಜೀವ ತೆಗೆಯುವುದು ಹೀಗೆ ಕಾಣದ ಎರಡನೇ ಗಾಡಿ. ಗಂಟೆಗೆ 110 ಕಿ.ಮೀ. ಓಡುವ ರೈಲು ಒಂದು ಸೆಕೆಂಡಿಗೆ 30 ಮೀಟರು ನುಂಗುತ್ತದೆ. ಬೈಕಿಗೆ ಕಿಕ್ ಹೊಡೆಯುವಷ್ಟರಲ್ಲಿ ಮುಗಿಯಿತು.

ಕಾವಲಿಲ್ಲದ ಫಾಟಕಗಳನ್ನು ಬ್ರಾಡ್‌ಗೇಜ್ ಹಳಿಗಳಿಂದ 2019ರ ಜನವರಿಯೊಳಗೆ ತೆಗೆದುಹಾಕಿದರು. ಕಾವಲಿದ್ದರೆ ಸಾಕೇ? 2025ರ ಜುಲೈ 8ರಂದು ತಮಿಳುನಾಡಿನ ಕಡಲೂರು ಬಳಿಯ ಸೆಮ್ಮಂಕುಪ್ಪಂನಲ್ಲಿ ಗೇಟ್‌ಮನ್ ಇದ್ದ ಫಾಟಕದಲ್ಲೇ ಶಾಲಾ ವ್ಯಾನಿಗೆ ರೈಲು ಬಡಿದು ಮೂವರು ಮಕ್ಕಳು ಸತ್ತರು. ಅಲ್ಲಿ ಇಂಟರ್‌ಲಾಕ್ ಇರಲಿಲ್ಲ. ಫಾಟಕಗಳಿಗೆ ಸಿಸಿಟಿವಿ ಹಾಕಬೇಕೆಂಬ ಆದೇಶ ಬಂದದ್ದು ಆಮೇಲೆ. ನನ್ನನ್ನು ಕೇಳಿದರೆ ಕ್ಯಾಮೆರಾಕ್ಕಿಂತ ಮೊದಲು ಆ ಬೀಗ.

ಫಾಟಕವೇ ಬೇಡವೆಂದು ಹಳಿಯಡಿ ದಾರಿ ತೋಡಿದ ಕಡೆ ಇನ್ನೊಂದು ಕಥೆ. ಕಲಬುರಗಿಯ ಹಳೇ ಜೇವರ್ಗಿ ರಸ್ತೆಯ ಕೆಳಸೇತುವೆಯಲ್ಲಿ ದೊಡ್ಡ ಮಳೆ ಬಂದರೆ ನೀರು ನಿಲ್ಲುತ್ತದೆ. ಸ್ಕೂಟರಿನವರು ಅಂಚಿನಲ್ಲಿ ಒಂದು ಕಾಲೂರಿ, ಮುಂದೆ ಇಳಿದ ಆಟೋದ ಗಾಲಿ ಎಷ್ಟು ಮುಳುಗೀತೆಂದು ನೋಡುತ್ತಾರೆ. ತಲೆಯ ಮೇಲೆ ರೈಲು ಯಾರಿಗೂ ಕಾಯದೆ ಹೋಗುತ್ತದೆ.