ಮನೆಯ ಅಚ್ಚುಕಟ್ಟು

ಮನೆಯ ಅಂದವನ್ನು ಹೇಳುವುದಕ್ಕೆ ನಮ್ಮ ಭಾಷೆಯಲ್ಲಿ ಒಳ್ಳೆಯ ಮಾತುಗಳಿವೆ. ಒಪ್ಪ, ಓರಣ, ಅಚ್ಚುಕಟ್ಟು ಎಂಬ ಮೂರನ್ನು ನಾವು ದಿನವೂ ಬಳಸುತ್ತೇವೆ. ಓರಣವೆಂದರೆ ಸಾಲು, ಕ್ರಮ. ಒಪ್ಪವೆಂಬುದು ‘ಒಪ್ಪು’ ಎಂಬ ಧಾತುವಿಗೆ ಸಂಬಂಧಿಸಿದ್ದು. ತಕ್ಕುದಾಗಿರುವುದು, ಹೊಂದಿಕೊಂಡಿರುವುದು ಎಂಬ ಭಾವ ಅದರಲ್ಲಿ ಅಡಗಿದೆ. ಇವೆರಡಕ್ಕಿಂತಲೂ ಹೆಚ್ಚು ಅರ್ಥಪೂರ್ಣವಾಗಿ ನನಗೆ ತೋರುವುದು ಮೂರನೆಯ ಮಾತು. ಪೇಟೆಯಲ್ಲಿ ಬೆಳೆದವರಿಗೆ ಅಚ್ಚುಕಟ್ಟೆಂದರೆ ಚೊಕ್ಕಟತನ. ಕೆರೆಯ ಕೆಳಗೆ ಗದ್ದೆಯುಳ್ಳ ರೈತನಿಗಾದರೋ ಅದಕ್ಕೆ ಇನ್ನೊಂದು ಅರ್ಥವುಂಟು. ತೂಬನ್ನು ಎತ್ತಿದಾಗ ಹರಿಯುವ ನೀರು ಎಷ್ಟು ಭೂಮಿಯನ್ನು ಮುಟ್ಟಿ ಬೆಳೆ ಕೊಡಬಲ್ಲುದೋ ಅಷ್ಟು ಭೂಮಿ ಆ ಕೆರೆಯ ಅಚ್ಚುಕಟ್ಟು. ಅದರಾಚೆಗೆ ಇರುವುದು ಬೆದ್ದಲು. ಬೆದ್ದಲು ಉಳಿಯಿತೆಂದು ಯಾವ ರೈತನೂ ಕೆರೆಯನ್ನು ಹಳಿಯುವುದಿಲ್ಲ. ಅಲ್ಲಿ ರಾಗಿಯನ್ನೋ ಹುರುಳಿಯನ್ನೋ ಬಿತ್ತಿ ಮಳೆಗೆ ಬಿಡುತ್ತಾನೆ.

ನಾನು ಇಂದು ಹೇಳಬೇಕೆಂದಿರುವುದು ಇಷ್ಟೆ: ಮನೆಗೂ ಇಂತಹ ಅಚ್ಚುಕಟ್ಟು ಒಂದುಂಟು. ಮನೆಯವರ ಶಕ್ತಿ ಮತ್ತು ಹೊತ್ತು ಎಂಬ ನೀರು ಎಲ್ಲಿಯವರೆಗೆ ಹರಿಯುವುದೋ ಅಲ್ಲಿಯವರೆಗೆ ವ್ಯವಸ್ಥೆಯಿರಲಿ, ಅದರಾಚೆಗಿನದು ಬೆದ್ದಲಾಗಿರಲಿ. ಬೆದ್ದಲನ್ನೂ ಗದ್ದೆ ಮಾಡಿಯೇ ತೀರುತ್ತೇನೆಂಬ ಹಠಕ್ಕೆ ಪರಿಪೂರ್ಣತೆಯ ಹಂಬಲವೆಂದು ಹೆಸರು. ಅದು ಹೊರನೋಟಕ್ಕೆ ಗುಣದಂತೆ ಕಾಣುತ್ತದೆ. ಅದರ ಬೆಲೆಯನ್ನು ಯಾರು ತೆರುತ್ತಾರೆಂದು ವಿಚಾರಿಸಿದಾಗಲೇ ಅದರ ನಿಜವಾದ ರೂಪ ತಿಳಿಯುವುದು.

ಮನೆಯಲ್ಲಿ ಎರಡು ಬಗೆಯ ವ್ಯವಸ್ಥೆಗಳು ಸಾಧ್ಯ. ಒಂದು ಕಣ್ಣಿನ ವ್ಯವಸ್ಥೆ, ಇನ್ನೊಂದು ಕೈಯ ವ್ಯವಸ್ಥೆ. ಕಣ್ಣಿನ ವ್ಯವಸ್ಥೆ ನೋಡುವವರಿಗಾಗಿ ಇರುವಂಥದು. ಡಬ್ಬಿಗಳೆಲ್ಲ ಒಂದೇ ಎತ್ತರದಲ್ಲಿರಬೇಕು, ಹಾಸಿಗೆಯ ಮೇಲೆ ಸುಕ್ಕಿರಬಾರದು, ಮೇಜಿನ ಮೇಲೆ ಏನೂ ಇರಬಾರದು. ಕೈಯ ವ್ಯವಸ್ಥೆ ಬಳಸುವವರಿಗಾಗಿ ಇರುವಂಥದು. ಕತ್ತಲಲ್ಲಿ ಕೈ ಚಾಚಿದರೆ ಬೆಂಕಿಪೆಟ್ಟಿಗೆ ಸಿಕ್ಕಬೇಕು, ಒಗ್ಗರಣೆ ಸೀದುಹೋಗುವ ಮೊದಲು ಇಂಗು ಸಿಕ್ಕಬೇಕು, ಜ್ವರ ಬಂದ ರಾತ್ರಿ ಮಾತ್ರೆ ಸಿಕ್ಕಬೇಕು. ಕೈಯ ವ್ಯವಸ್ಥೆಗೆ ಒಂದು ಮುಕ್ತಾಯವುಂಟು. ವಸ್ತು ಸಿಕ್ಕಿತೆಂದರೆ ಅದು ಪೂರ್ಣವಾಯಿತು. ಕಣ್ಣಿನ ವ್ಯವಸ್ಥೆಗೆ ಕೊನೆಯಿಲ್ಲ. ನಿನ್ನೆ ಒರೆಸಿದ ಕಿಟಕಿಯ ಮೇಲೆ ಇಂದು ಧೂಳು ಕೂತಿರುತ್ತದೆ. ನೋಡುವ ಕಣ್ಣು ಸೂಕ್ಷ್ಮವಾದಷ್ಟೂ ಕಾಣುವ ಕೊರತೆ ಹೆಚ್ಚುತ್ತದೆ.

ಈ ಭೇದ ನನಗೆ ಸ್ಪಷ್ಟವಾದುದು ನನ್ನ ತಾಯಿಯವರ ಇಳಿವಯಸ್ಸಿನಲ್ಲಿ. ಅವರ ದೃಷ್ಟಿ ಮಂದವಾಗಿ, ಕೊನೆಯ ಕೆಲವು ವರ್ಷಗಳಲ್ಲಿ ಬೆಳಕು ಕತ್ತಲೆಗಳ ವ್ಯತ್ಯಾಸ ಮಾತ್ರ ತಿಳಿಯುತ್ತಿತ್ತು. ಆದರೂ ನೀರಿನ ಚೊಂಬು, ಮಾತ್ರೆಯ ಡಬ್ಬಿ, ಊರುಗೋಲು, ಹೊದೆಯುವ ಶಾಲು ಇವಿಷ್ಟನ್ನು ತಾವೇ ತೆಗೆದುಕೊಳ್ಳುತ್ತಿದ್ದರು. ಒಮ್ಮೆ ದೀಪಾವಳಿಯ ಮುಂಚೆ ಊರಿನಿಂದ ಬಂದ ನೆಂಟರು ಅಕ್ಕರೆಯಿಂದ ಅವರ ಕೋಣೆಯನ್ನೆಲ್ಲ ಗುಡಿಸಿ, ಒರೆಸಿ, ಸಾಮಾನುಗಳನ್ನು ಗೋಡೆಯ ಗೂಡುಗಳಲ್ಲಿ ಸಾಲಾಗಿ ಜೋಡಿಸಿದರು. ಕೋಣೆ ನೋಡುವುದಕ್ಕೆ ಬಹಳ ಚೆನ್ನಾಗಿ ಕಂಡಿತು. ಅಂದು ರಾತ್ರಿ ತಾಯಿಯವರು ಚೊಂಬಿಗಾಗಿ ಬಹು ಹೊತ್ತು ತಡಕಾಡಿ, ಕಡೆಗೆ ಯಾರನ್ನೂ ಎಬ್ಬಿಸಬಾರದೆಂದು ಬಾಯಾರಿಯೇ ಮಲಗಿದರು. ಬೆಳಿಗ್ಗೆ ಅವರು ಆಡಿದ ಮಾತು ಒಂದೇ: “ಮನೆ ನನ್ನದಲ್ಲ ಅನ್ನಿಸಿತಪ್ಪ.” ಆ ಮೇಲೆ ನಮ್ಮ ಮನೆಯಲ್ಲಿ ಒಂದು ಕಟ್ಟಳೆಯಾಯಿತು. ಆ ನಾಲ್ಕು ವಸ್ತುಗಳನ್ನು ಯಾರೂ ಕದಲಿಸಕೂಡದು. ನಡೆಯುವ ದಾರಿಯಲ್ಲಿ ನೆಲದ ಮೇಲೆ ಏನನ್ನೂ ಇಡಕೂಡದು. ಉಳಿದುದು ಹೇಗಿದ್ದರೂ ಸರಿ. ಅವರು ಇದ್ದಷ್ಟು ದಿನ ಆ ಮನೆ ಅವರದಾಗಿಯೇ ಉಳಿಯಿತು.

ಹಾಗಾದರೆ ಮನೆಯನ್ನು ಹೇಗಾದರೂ ಬಿಟ್ಟುಬಿಡಬಹುದೇ ಎಂದು ಯಾರಾದರೂ ಕೇಳಬಹುದು. ಖಂಡಿತ ಕೂಡದು. ಬಚ್ಚಲಿನ ಪಾಚಿ, ಮುಚ್ಚಳವಿಲ್ಲದ ನೀರಿನ ಪಾತ್ರೆ, ದಿನ ಕಳೆದ ಔಷಧ ಇವು ಅಪಾಯಕರವಾದುವು. ಅಲ್ಲಿ ಉದಾಸೀನಕ್ಕೆ ಎಡೆಯಿಲ್ಲ. ನಾನು ಹೇಳುತ್ತಿರುವುದು ಎಲ್ಲಿ ಕಟ್ಟುನಿಟ್ಟು, ಎಲ್ಲಿ ಸಡಿಲ ಎಂಬ ವಿವೇಕವನ್ನು ಕುರಿತು. ಈ ವಿವೇಕಕ್ಕೆ ನೆರವಾಗುವ ಕೆಲವು ತತ್ತ್ವಗಳನ್ನು ಬೇರೆ ಬೇರೆ ಶಾಸ್ತ್ರಗಳಲ್ಲಿ ದುಡಿದ ವಿದ್ವಾಂಸರು ನಮಗೆ ಒದಗಿಸಿದ್ದಾರೆ.

ಮೊದಲನೆಯದು ಗ್ರಂಥಾಲಯಶಾಸ್ತ್ರದಿಂದ. ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯದ ಐದು ಸೂತ್ರಗಳನ್ನು ಪ್ರಕಟಿಸಿದರು. 1962ರಲ್ಲಿ ಬೆಂಗಳೂರಿನಲ್ಲಿ ಈ ಶಾಸ್ತ್ರದ ಸಂಶೋಧನೆ ಮತ್ತು ತರಬೇತಿಗಾಗಿ ಒಂದು ಕೇಂದ್ರವನ್ನು ಸ್ಥಾಪಿಸಿ, ಈ ನಗರದಲ್ಲಿಯೇ ನೆಲೆಸಿ, 1972ರಲ್ಲಿ ಇಲ್ಲಿಯೇ ತೀರಿಕೊಂಡರು. ಅವರ ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಹೊತ್ತನ್ನು ಉಳಿಸಬೇಕೆಂಬುದು. ಐದನೆಯದು ಗ್ರಂಥಾಲಯವು ಬೆಳೆಯುತ್ತಿರುವ ಜೀವಿಯೆಂಬುದು. ಲಕ್ಷಗಟ್ಟಲೆ ಪುಸ್ತಕಗಳಿಗೆ ಕ್ರಮ ಕಲ್ಪಿಸಿದ ಆ ಮಹನೀಯರು ಆ ಕ್ರಮವನ್ನು ಅಳೆದದ್ದು ಓದುಗನ ಹೊತ್ತಿನಿಂದ. ಗ್ರಂಥಾಲಯವೇ ಬೆಳೆಯುವ ಜೀವಿಯಾದರೆ, ಮಕ್ಕಳು ಹುಟ್ಟಿ ಬೆಳೆದು ಮುದುಕರು ನರಳಿ ನೆಂಟರು ಬಂದುಹೋಗುವ ಮನೆ ಎಷ್ಟು ಪಾಲು ಹೆಚ್ಚಿನ ಜೀವಿ! ಬೆಳೆಯುವ ಜೀವಿಗೆ ಒಂದೇ ಅಳತೆಯ ಅಂಗಿಯನ್ನು ಶಾಶ್ವತವಾಗಿ ಹೊಲಿಸಲಾಗದು. ಇಂದಿನ ಜೋಡಣೆ ಇಂದಿಗೆ ಸರಿ. ಮಗು ತೆವಳತೊಡಗಿದ ದಿನ ಅದು ಬದಲಾಗಲೇಬೇಕು.

ಎರಡನೆಯದು ಅರ್ಥಶಾಸ್ತ್ರದ ವಲಯದಿಂದ. ಮನುಷ್ಯನು ನಿರ್ಧಾರಗಳನ್ನು ಕೈಗೊಳ್ಳುವ ಬಗೆಯನ್ನು ಅಧ್ಯಯನ ಮಾಡಿ 1978ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಅಮೆರಿಕದ ಹರ್ಬರ್ಟ್ ಸೈಮನ್ ಅವರು ಒಂದು ಸಂಗತಿಯನ್ನು ಎತ್ತಿ ತೋರಿಸಿದರು. ಇರುವ ದಾರಿಗಳೆಲ್ಲವನ್ನೂ ತೂಗಿ ನೋಡಿ ಅತ್ಯುತ್ತಮವಾದುದನ್ನು ಆರಿಸುವಷ್ಟು ಹೊತ್ತಾಗಲಿ ಅರಿವಾಗಲಿ ಮನುಷ್ಯನಿಗೆ ಇಲ್ಲ. ಆದ್ದರಿಂದ ಅವನು ಇಷ್ಟಾದರೆ ಸಾಕೆಂಬ ಒಂದು ಮಟ್ಟವನ್ನು ಗೊತ್ತುಮಾಡಿಕೊಂಡು, ಆ ಮಟ್ಟವನ್ನು ಮುಟ್ಟಿದುದನ್ನು ಸ್ವೀಕರಿಸುತ್ತಾನೆ. ನಮ್ಮ ಹಿರಿಯರು ಹಾಸಿಗೆಯಿದ್ದಷ್ಟು ಕಾಲು ಚಾಚು ಎಂದದ್ದೂ ಇದಕ್ಕೆ ದೂರದ್ದಲ್ಲ. ಇದರಿಂದ ಮನೆಗೆಲಸಕ್ಕೆ ದೊರೆಯುವ ಪಾಠ ಸರಳ: ‘ಸಾಕು’ ಎಂಬುದನ್ನು ಕೆಲಸಕ್ಕೆ ತೊಡಗುವ ಮೊದಲೇ ನಿರ್ಧರಿಸಬೇಕು. ತೊಡಗಿದ ಮೇಲೆ ನಿರ್ಧರಿಸಹೊರಟರೆ ಕಣ್ಣು ಇನ್ನೊಂದು ಮೂಲೆಯನ್ನು ತೋರಿಸುತ್ತಲೇ ಇರುತ್ತದೆ. ಅರ್ಧ ಗಂಟೆ ಎಂದುಕೊಂಡರೆ ಅರ್ಧ ಗಂಟೆ. ಒಂದು ಗೂಡು ಎಂದುಕೊಂಡರೆ ಒಂದೇ ಗೂಡು.

ಮೂರನೆಯದು ಗಣಕ ವಿಜ್ಞಾನದಿಂದ ಬಂದದ್ದು. ಕೇಳಿದಾಗ ನನಗೂ ಬೆರಗಾಯಿತು. ಒಂದು ಸಾಲಿನಲ್ಲಿ ಜೋಡಿಸಿದ ವಸ್ತುಗಳನ್ನು ಮೊದಲಿನಿಂದ ಹುಡುಕುತ್ತ ಹೋಗಬೇಕಾಗಿದೆಯೆಂದು ಭಾವಿಸೋಣ. ಯಾವ ವಸ್ತುವನ್ನು ಬಳಸಿದೆವೋ ಅದನ್ನು ಸಾಲಿನ ಮುಂಭಾಗಕ್ಕೆ ತಂದಿಡುವುದು ಒಂದು ನಿಯಮ. ಡೇನಿಯಲ್ ಸ್ಲೇಟರ್ ಮತ್ತು ರಾಬರ್ಟ್ ಟಾರ್ಜಾನ್ ಎಂಬಿಬ್ಬರು 1985ರಲ್ಲಿ ಇದರ ಬಗ್ಗೆ ಒಂದು ಪ್ರಮೇಯವನ್ನು ಸಾಧಿಸಿದರು. ಮುಂದೆ ಯಾವ ವಸ್ತು ಯಾವಾಗ ಬೇಕಾಗುವುದೆಂಬುದನ್ನೆಲ್ಲ ಮೊದಲೇ ಬಲ್ಲವನೊಬ್ಬನು ಮಾಡಬಹುದಾದ ಅತ್ಯುತ್ತಮ ಜೋಡಣೆಯೊಡನೆ ಹೋಲಿಸಿದರೂ, ಈ ಸರಳ ನಿಯಮದಿಂದ ತಗಲುವ ಶ್ರಮ ಅದರ ಎರಡು ಪಟ್ಟನ್ನು ಮೀರುವುದಿಲ್ಲ. ತ್ರಿಕಾಲಜ್ಞಾನಿಯ ಜಾಣ್ಮೆಗೂ ನಮ್ಮ ಸಾಮಾನ್ಯ ಅಭ್ಯಾಸಕ್ಕೂ ಇರುವ ಅಂತರ ಇಷ್ಟಕ್ಕೆ ಕಟ್ಟುಬಿತ್ತು. ಬಳಸಿದ ಬೆಲ್ಲದ ಡಬ್ಬಿಯನ್ನು ಮುಂದಿಟ್ಟು, ಅಪರೂಪದ ಕೇಸರಿಯನ್ನು ಹಿಂದಕ್ಕೆ ಸರಿಯಬಿಡುವ ಗೃಹಿಣಿ ಈ ಪ್ರಮೇಯವನ್ನು ಓದಿದವಳಲ್ಲ. ಆದರೂ ಆಕೆಯ ಅಡಿಗೆಮನೆ, ಅಕಾರಾದಿಯಾಗಿ ಜೋಡಿಸಿದ ಅಡಿಗೆಮನೆಗಿಂತ ಕೈಗೆ ಹಿತವಾಗಿರುತ್ತದೆ. ನನ್ನ ಮೇಜಿನ ಮೇಲೆ ಪುಸ್ತಕಗಳ ರಾಶಿಯೊಂದಿದೆ. ನೆನ್ನೆ ತೆರೆದ ನಿಘಂಟು ಮೇಲೆಯೇ ಇರುತ್ತದೆ; ವರ್ಷದಿಂದ ಮುಟ್ಟದ ಪುಸ್ತಕ ತಾನಾಗಿಯೇ ತಳಕ್ಕೆ ಇಳಿದಿರುತ್ತದೆ. ಕಪಾಟಿಗೆ ಹಿಂದಿರುಗಬೇಕಾದುದು ಯಾವುದೆಂದು ರಾಶಿಯೇ ಹೇಳುತ್ತದೆ.

ಈಗ ಬೆಲೆಯ ಮಾತಿಗೆ ಬರುತ್ತೇನೆ. ಭಾರತ ಸರ್ಕಾರದ ರಾಷ್ಟ್ರೀಯ ಸಾಂಖ್ಯಿಕ ಕಾರ್ಯಾಲಯವು 2019ರಲ್ಲಿ ನಮ್ಮ ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂಬ ಸಮೀಕ್ಷೆಯನ್ನು ನಡೆಸಿತು. ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗುವವರು ಹೆಂಗಸರಲ್ಲಿ ನೂರಕ್ಕೆ 81 ಮಂದಿ, ಗಂಡಸರಲ್ಲಿ ನೂರಕ್ಕೆ 26 ಮಂದಿ ಎಂದು ಅದರಿಂದ ತಿಳಿದುಬಂತು. ಹೀಗೆ ತೊಡಗಿದವರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ ಗಂಡಸರು 97 ನಿಮಿಷಗಳನ್ನೂ ಅದಕ್ಕಾಗಿ ವ್ಯಯಿಸುತ್ತಿದ್ದರು. ಎಂದರೆ, ಮನೆ ಕನ್ನಡಿಯಂತಿರಬೇಕೆಂದು ಯಾರು ಬಯಸಿದರೂ ಕನ್ನಡಿಯನ್ನು ಉಜ್ಜುವ ಕೈ ಬಹುಮಟ್ಟಿಗೆ ಒಬ್ಬಳದೇ.

ಮನಶ್ಶಾಸ್ತ್ರಜ್ಞರಾದ ಪಾಲ್ ಹ್ಯೂವಿಟ್ ಮತ್ತು ಗಾರ್ಡನ್ ಫ್ಲೆಟ್ ಅವರು 1991ರಲ್ಲಿ ಪರಿಪೂರ್ಣತೆಯ ಹಂಬಲವನ್ನು ಮೂರು ಬಗೆಯಾಗಿ ವಿಂಗಡಿಸಿದರು. ತನ್ನಿಂದ ತಾನೇ ಕುಂದಿಲ್ಲದ ಕೆಲಸವನ್ನು ನಿರೀಕ್ಷಿಸುವುದು ಒಂದು. ಇತರರಿಂದ ಅದನ್ನು ನಿರೀಕ್ಷಿಸುವುದು ಇನ್ನೊಂದು. ಇತರರು ತನ್ನಿಂದ ಅದನ್ನು ನಿರೀಕ್ಷಿಸುತ್ತಿದ್ದಾರೆಂದು ನಂಬಿ ಕುಗ್ಗುವುದು ಮೂರನೆಯದು. ನಮ್ಮ ಎಷ್ಟೋ ಮನೆಗಳಲ್ಲಿ ಎರಡನೆಯದು ಮನೆಯ ಯಜಮಾನನ ಪಾಲಿಗೂ ಮೂರನೆಯದು ಸೊಸೆಯ ಪಾಲಿಗೂ ಬಂದಿರುತ್ತದೆ. ಜಗಲಿಯ ಕುರ್ಚಿಯಲ್ಲಿ ಕುಳಿತು ಪತ್ರಿಕೆ ಓದುತ್ತ, ಕಿಟಕಿಯ ಸರಳಿನ ಮೇಲೆ ಬೆರಳಾಡಿಸಿ ಧೂಳನ್ನು ತೋರಿಸುವವನಿಗೆ ಅಚ್ಚುಕಟ್ಟಿನ ವಿಚಾರದಲ್ಲಿ ಮಾತನಾಡುವ ಅಧಿಕಾರವಿಲ್ಲ. ನೀರು ಹಾಯಿಸದವನು ಗದ್ದೆಯ ಎಲ್ಲೆಯನ್ನು ಗೊತ್ತುಮಾಡಲಾಗದು.

ಪರಿಪೂರ್ಣತೆಯ ಹಠದಿಂದ ಇನ್ನೂ ಒಂದು ನಷ್ಟವುಂಟು. ಅದು ನೆರವಿಗೆ ಬರುವ ಕೈಗಳನ್ನು ದೂರಮಾಡುತ್ತದೆ. ಎಂಟು ವರ್ಷದ ಹುಡುಗನೊಬ್ಬ ಒಣಗಿದ ಬಟ್ಟೆಗಳನ್ನು ತನಗೆ ತೋಚಿದಂತೆ ಮಡಿಸುತ್ತಾನೆ. ಅವನೆದುರಿಗೇ ಅವನ್ನು ಬಿಚ್ಚಿ ಮತ್ತೆ ಮಡಿಸಿದರೆ ಅವನು ಕಲಿಯುವುದು ಮಡಿಸುವ ಕ್ರಮವನ್ನಲ್ಲ. ಈ ಕೆಲಸ ತನ್ನದಲ್ಲವೆಂಬುದನ್ನು. ಇಪ್ಪತ್ತು ವರ್ಷಗಳ ಅನಂತರ ಅವನೂ ಪತ್ರಿಕೆ ಹಿಡಿದು ಕುರ್ಚಿಯಲ್ಲಿ ಕುಳಿತಿರುತ್ತಾನೆ. ಓರೆಯಾಗಿ ಮಡಿಸಿದ ಪಂಚೆಯನ್ನು ಹಾಗೆಯೇ ಪೆಟ್ಟಿಗೆಯಲ್ಲಿ ಇಡುವುದು ಸೋಮಾರಿತನವೆಂದು ಕಾಣಬಹುದು. ಅದು ವಾಸ್ತವವಾಗಿ ಒಂದು ಶಿಕ್ಷಣಕ್ರಮ.

ಇನ್ನು ಆಚರಣೆಯ ಮಾತು. ನಮ್ಮ ಹಳೆಯ ಮನೆಗಳಲ್ಲಿ ವ್ಯವಸ್ಥೆ ಸುಲಭವಾಗಿದ್ದುದಕ್ಕೆ ಮುಖ್ಯ ಕಾರಣ ವಸ್ತುಗಳು ಕಡಮೆಯಿದ್ದುದು. ಹಾಲು ಮೊಸರಿಗೆ ನೆಲುವು, ಬಟ್ಟೆಗೆ ಗೂಟ, ಹಣತೆಗೆ ಗೋಡೆಯ ಗೂಡು, ಅಪರೂಪದ ಹಂಡೆ ಕೊಪ್ಪರಿಗೆಗಳಿಗೆ ಅಟ್ಟ. ಅವುಗಳಲ್ಲಿ ಹೆಚ್ಚಿನವಕ್ಕೆ ಬಾಗಿಲಾಗಲಿ ಮುಚ್ಚಳವಾಗಲಿ ಇರಲಿಲ್ಲವೆಂಬುದನ್ನು ಗಮನಿಸಬೇಕು. ವಸ್ತುವನ್ನು ತೆಗೆಯುವಾಗ ನಮಗೆ ಅದರ ಅಗತ್ಯವಿರುತ್ತದೆ, ಆದ್ದರಿಂದ ಶ್ರಮಪಡುತ್ತೇವೆ. ಹಿಂದಿರುಗಿಸುವಾಗ ಅಗತ್ಯ ತೀರಿರುತ್ತದೆ, ಆದ್ದರಿಂದ ಬೇಸರಪಡುತ್ತೇವೆ. ಹಿಂದಿಡುವುದು ಒಂದೇ ಕೈಯಿಂದ, ಒಂದೇ ಚಲನೆಯಿಂದ ಆಗುವಂತಿದ್ದರೆ ಮನೆ ತಾನಾಗಿಯೇ ಓರಣವಾಗಿರುತ್ತದೆ. ಬಾಗಿಲ ಪಕ್ಕದ ಒಂದು ಮೊಳೆ, ಬೀಗದ ಕೈಗಳಿಗೆ ಬೆಲೆಬಾಳುವ ಪೆಟ್ಟಿಗೆಗಿಂತ ಉತ್ತಮ.

ಎಲ್ಲಿಡಬೇಕೆಂದು ತಿಳಿಯದ ವಸ್ತುಗಳಿಗೆ ಒಂದು ಬುಟ್ಟಿಯಿರಲಿ. ಗುಂಡಿ ಕಿತ್ತ ಅಂಗಿ, ಯಾರದೋ ಲಗ್ನಪತ್ರಿಕೆ, ಮುರಿದ ಆಟಿಕೆ ಎಲ್ಲವೂ ಅದರಲ್ಲಿ ಬೀಳಲಿ. ತಿಂಗಳಿಗೊಮ್ಮೆ, ಅಮಾವಾಸ್ಯೆಯೋ ಮೊದಲ ಭಾನುವಾರವೋ, ಅದನ್ನು ಬರಿದುಮಾಡಿದರಾಯಿತು. ಆ ಬುಟ್ಟಿ ಮನೆಯ ಬೆದ್ದಲು. ಅದು ಇದ್ದರೆ ಉಳಿದ ಕಡೆ ಗಲಿಬಿಲಿ ಕಡಮೆ.

ದೊಡ್ಡ ಕೆಲಸಗಳನ್ನು ಸರದಿಯ ಮೇಲೆ ಮಾಡುವುದು ಲೇಸು. ವಿಶ್ವೇಶ್ವರಯ್ಯನವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಬೊಂಬಾಯಿ ಪ್ರಾಂತದ ಸೇವೆಯಲ್ಲಿದ್ದಾಗ, ನೀರಾ ಕಾಲುವೆಯ ಪ್ರದೇಶದಲ್ಲಿ ‘ಬ್ಲಾಕ್ ಪದ್ಧತಿ’ಯೊಂದನ್ನು ರೂಪಿಸಿದರು. ಕಾಲುವೆಯ ಮಿತವಾದ ನೀರನ್ನು ಕೆಲವೇ ಕಡೆ ಸುರಿದುಬಿಡದೆ, ಹಲವು ಹಳ್ಳಿಗಳಲ್ಲಿ ಗೊತ್ತಾದ ತುಂಡುಗಳಿಗೆ ಹಂಚಿ, ಆ ತುಂಡುಗಳಲ್ಲಿ ಬೆಳೆಗಳನ್ನು ಸರದಿಯಂತೆ ಬದಲಿಸುವ ಕ್ರಮ ಅದು. ಎಲ್ಲ ಶ್ರಮವನ್ನೂ ನಡುಮನೆಯ ಮೇಲೆ ಸುರಿದರೆ ಬಚ್ಚಲುಮನೆ, ಕಾಲುವೆಯ ಕೊನೆಯ ಹೊಲದಂತೆ ಒಣಗುತ್ತದೆ. ಈ ವಾರ ಅಡಿಗೆಮನೆಯ ಒಂದು ಕಪಾಟು, ಮುಂದಿನ ವಾರ ಕಾಗದಪತ್ರಗಳ ಪೆಟ್ಟಿಗೆ, ಅದರ ಮುಂದೆ ಔಷಧಗಳ ಗೂಡು. ಹೀಗೆ ಸುತ್ತು ಬರುತ್ತಿದ್ದರೆ ಮನೆಯಾವುದೂ ಒಮ್ಮೆಗೇ ಪೂರ್ಣವಾಗದು, ಯಾವುದೂ ಪೂರ್ತಿ ಕೆಡದು.

ಪ್ರತಿದಿನ ಬೆಳಗಿನ ಜಾವ ನಮ್ಮ ಹೆಣ್ಣುಮಕ್ಕಳು ಬಾಗಿಲ ಮುಂದೆ ರಂಗವಲ್ಲಿಯನ್ನು ಇಡುತ್ತಾರೆ. ಹಾಲು ತರುವವನ ಕಾಲು, ಶಾಲೆಗೆ ಓಡುವ ಮಕ್ಕಳ ಕಾಲು ಅದನ್ನು ತುಳಿಯುತ್ತವೆ. ಮಧ್ಯಾಹ್ನದ ಹೊತ್ತಿಗೆ ಅದು ಅರ್ಧ ಅಳಿಸಿರುತ್ತದೆ. ಅದಕ್ಕಾಗಿ ಯಾರೂ ಬಾಗಿಲು ಮುಚ್ಚಿಕೊಂಡು ಕಾವಲು ಕೂರುವುದಿಲ್ಲ. ಜನ ಬಂದುಹೋಗಲೆಂದೇ ಹೊಸಿಲು ಇರುವುದು. ಮನೆಯೊಳಗಿನ ವ್ಯವಸ್ಥೆಯನ್ನೂ ಇದೇ ಮನಸ್ಸಿನಿಂದ ನೋಡುವುದನ್ನು ಕಲಿತರೆ, ಮನೆ ಕಾಯುವ ಕೆಲಸದಿಂದ ಬಿಡುಗಡೆ ಹೊಂದಿ ಮನೆಯಲ್ಲಿ ಬಾಳುವುದಕ್ಕೆ ನಮಗೆ ಒಂದಿಷ್ಟು ಹೊತ್ತು ಉಳಿದೀತು.