ಕನ್ಯೆಯರ ರಕ್ತವೂ ಕಬ್ಬಿಣದ ಸತ್ತ್ವವೂ

ಕಬ್ಬಿಣವೆಂದೊಡನೆ ನೇಗಿಲ ಗುಳ, ಕುಡುಗೋಲು, ದೋಸೆಯ ಕಾವಲಿ ಮುಂತಾದುವು ನೆನಪಿಗೆ ಬರುವುವಲ್ಲದೆ ನಮ್ಮ ಮೈಯೊಳಗೂ ಅದು ಉಂಟೆಂಬುದು ಹಲವರಿಗೆ ತೋಚದು. ವಯಸ್ಕರ ಶರೀರದಲ್ಲಿ ಇರುವುದು ಸುಮಾರು 3ರಿಂದ 4 ಗ್ರಾಮುಗಳಷ್ಟೇ. ಆದರೂ ರಕ್ತಕ್ಕೆ ಕೆಂಪು ಬಣ್ಣವನ್ನೀಯುವ ಹಿಮೋಗ್ಲೋಬಿನ್ನಿನಲ್ಲಿ ಸೇರಿಕೊಂಡು, ನಾವು ಉಸಿರಾಡಿದ ಆಮ್ಲಜನಕವನ್ನು ಸಕಲ ಅಂಗಗಳಿಗೂ ಮುಟ್ಟಿಸುವ ಕಾರ್ಯವು ಇದರದೇ ಆಗಿದೆ.

ಇದರ ಅವಶ್ಯಕತೆಯು ಜೀವಮಾನದಲ್ಲೆಲ್ಲಾ ಒಂದೇ ಸಮನಾಗಿರದು. ತುಂಬು ತಿಂಗಳಿಗೆ ಹುಟ್ಟಿದ ಕೂಸು ತಾಯಿಯಿಂದ ಕಬ್ಬಿಣದ ಬುತ್ತಿಯನ್ನು ಕಟ್ಟಿಕೊಂಡೇ ಬರುವುದು. ಸುಮಾರು ಆರು ತಿಂಗಳಿಗೆ ಆ ಬುತ್ತಿಯು ತೀರುವುದು. ಮೊಲೆಹಾಲಿನಲ್ಲಿ ಈ ಲೋಹವು ಅತ್ಯಲ್ಪವಾದುದರಿಂದ, ಅಂದಿನಿಂದ ಹಾಲಿನೊಡನೆ ಬೇಳೆ, ಸೊಪ್ಪು, ಮೊಟ್ಟೆಗಳನ್ನು ಮೆತ್ತಗೆ ಬೇಯಿಸಿ ಉಣಿಸತಕ್ಕದ್ದು.

ಹರೆಯ ಬಂದಾಗ ಹುಡುಗನೂ ಹುಡುಗಿಯೂ ಬೆಳೆಯುವರು. ಆದರೆ ಹುಡುಗಿಯು ತಿಂಗಳು ತಿಂಗಳೂ ರಕ್ತವನ್ನು ಕಳೆದುಕೊಳ್ಳುವಳು. ಆದುದರಿಂದಲೇ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2020ರಲ್ಲಿ ಗೊತ್ತುಪಡಿಸಿದ ಪ್ರಕಾರ, 13ರಿಂದ 15 ವರ್ಷದ ಬಾಲಕನಿಗೆ ದಿನಕ್ಕೆ 22 ಮಿಲಿಗ್ರಾಮು ಸಾಕಾದರೆ ಬಾಲಕಿಗೆ 30 ಬೇಕು. ವಯಸ್ಕ ಪುರುಷನಿಗೆ 19, ಸ್ತ್ರೀಗೆ 29. ಗರ್ಭಕಾಲವೊಂದಕ್ಕೇ ಒಟ್ಟು ಸುಮಾರು 1000 ಮಿಲಿಗ್ರಾಮು ವ್ಯಯವಾಗುವುದರಿಂದ, ಆಗ ಊಟದೊಡನೆ ವೈದ್ಯರು ಕೊಡುವ ಗುಳಿಗೆಯೂ ಅವಶ್ಯ. ಮುಟ್ಟು ನಿಂತ ಮೇಲೆ ಈ ಅವಶ್ಯಕತೆಯು ಪುರುಷರ ಮಟ್ಟಕ್ಕೆ ಇಳಿಯುವುದು.

ಇನ್ನು ನಮ್ಮ ಮನೆಗಳ ರೂಢಿಯನ್ನು ಆಲೋಚಿಸೋಣ. ಹೆಚ್ಚು ಬೇಕಾದ ಮಗಳು ಎಲ್ಲರೂ ಉಂಡೆದ್ದ ಮೇಲೆ ಮಿಕ್ಕುದನ್ನು ಉಣ್ಣುವ ಮನೆಗಳು ಇಂದಿಗೂ ಉಂಟು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೂ ಹುಡುಗರಲ್ಲಿ 31 ಮಂದಿಗೂ ರಕ್ತಹೀನತೆಯು ಕಂಡುಬಂದಿತು. ಪಾಠದ ಹೊತ್ತಿನಲ್ಲಿ ತೂಕಡಿಸುವವಳನ್ನೂ ಮೆಟ್ಟಿಲು ಹತ್ತಿ ಏದುಸಿರು ಬಿಡುವವಳನ್ನೂ ಸೋಮಾರಿಯೆಂದು ಗದರಿಸುವ ಮೊದಲು ಅವಳ ರಕ್ತವನ್ನು ಪರೀಕ್ಷೆ ಮಾಡಿಸತಕ್ಕದ್ದು. ಹಿಮೋಗ್ಲೋಬಿನ್ನು 12 ಗ್ರಾಮಿಗಿಂತ ಕಡಿಮೆಯಿದ್ದಲ್ಲಿ ದೋಷವು ನಡತೆಯದಲ್ಲ, ರಕ್ತದ್ದು.

ಪರಿಹಾರವು ನಮ್ಮ ಅಡಿಗೆಮನೆಯಲ್ಲಿಯೇ ಮೊದಲಾಗುವುದು. ರಾಗಿ, ಹುರುಳಿ, ಸೊಪ್ಪುಗಳಲ್ಲಿ ಕಬ್ಬಿಣವುಂಟು. ಆದರೆ ಸಸ್ಯಾಹಾರದ ಕಬ್ಬಿಣವು ಮೈಗೆ ಸುಲಭವಾಗಿ ಹತ್ತದು. ನಿಂಬೆಯ ರಸವನ್ನೋ ನೆಲ್ಲಿಕಾಯಿಯನ್ನೋ ಕೂಡಿಸಿದರೆ ಹೆಚ್ಚಾಗಿ ಹತ್ತುವುದು. ಊಟದೊಡನೆ ಕಾಫಿ, ಚಹಾ ಕುಡಿದರೆ ಕಡಿಮೆಯಾಗುವುದು. ಮಾಂಸ ಮೀನುಗಳನ್ನು ಉಣ್ಣುವವರಿಗೆ ಇನ್ನೂ ಸುಲಭ. ಸರಕಾರದ ಯೋಜನೆಯ ಮೇರೆಗೆ ಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ ಗುಳಿಗೆಯನ್ನು ಊಟವಾದ ಬಳಿಕ ನುಂಗಬೇಕು. ಮಲವು ಕಪ್ಪಾದರೆ ಅಂಜಬೇಕಾದುದಿಲ್ಲ.

ಹಳೆಯ ವಿದ್ಯಾರ್ಥಿನಿಯರಾದ ತಾಯಂದಿರಿಗೂ ಸಕಲ ಪೋಷಕರಿಗೂ ನಮ್ಮ ಅರಿಕೆ ಇಷ್ಟೇ: ಮಗಳನ್ನು ಓದಿಸುವುದಕ್ಕೆ ಪುಸ್ತಕವನ್ನು ಕೊಳ್ಳುವ ನೀವು, ಆ ಓದು ಅವಳ ತಲೆಗೆ ಹತ್ತುವುದಕ್ಕೆ ಬೇಕಾದ ರಕ್ತವನ್ನೂ ಒದಗಿಸಿರಿ. ಮಗನೊಡನೆ ಒಂದೇ ಪಂಕ್ತಿಯಲ್ಲಿ ಅವಳನ್ನು ಕುಳ್ಳಿರಿಸಿ, ಸೊಪ್ಪಿನ ಪಲ್ಯದ ಸೌಟು ಮೊದಲು ಅವಳ ತಟ್ಟೆಯ ಕಡೆಗೆ ಹೋಗಲಿ.