ಕೊಡನೀರಿನ ಲೆಕ್ಕ

ಕೆಲಸ, ಶಕ್ತಿ, ಸಾಮರ್ಥ್ಯ ಎಂಬ ಮೂರು ಮಾತುಗಳನ್ನು ಲೋಕವ್ಯವಹಾರದಲ್ಲಿ ನಾವು ಒಂದಕ್ಕೆ ಬದಲಾಗಿ ಇನ್ನೊಂದನ್ನು ಬಳಸುವುದುಂಟು. ಭೌತಶಾಸ್ತ್ರವು ಇದಕ್ಕೆ ಎಡೆಗೊಡುವುದಿಲ್ಲ. ಮಕ್ಕಳು ಪಾಠದಲ್ಲಿ ಎಡವುವುದು ಇಲ್ಲಿಯೇ. ಮನೆಯ ನೀರನ್ನೇ ನಿದರ್ಶನವಾಗಿ ಹಿಡಿದರೆ ಈ ಭೇದವು ಸುಲಭವಾಗಿ ತಿಳಿದೀತು.

ತುಂಬಿದ ಕೊಡವನ್ನು ಸೊಂಟದ ಮೇಲಿರಿಸಿಕೊಂಡು ಗಳಿಗೆಹೊತ್ತು ಸುಮ್ಮನೆ ನಿಂತವರಿಗೆ ಆಯಾಸವಾಗುವುದು ನಿಜ. ಆದರೂ ಶಾಸ್ತ್ರದೃಷ್ಟಿಯಿಂದ ಕೊಡದ ಮೇಲೆ ಯಾವ ಕೆಲಸವೂ ನಡೆಯಲಿಲ್ಲ. ಬಲಪ್ರಯೋಗದಿಂದ ವಸ್ತುವು ಆ ಬಲದ ದಿಕ್ಕಿನಲ್ಲಿ ಚಲಿಸಿದರೆ ಮಾತ್ರ ಕೆಲಸ. ಬಲವನ್ನು ಆ ದೂರದಿಂದ ಗುಣಿಸಿದರೆ ಅದರ ಅಳತೆ. ಒಂದು ಕಿಲೋಗ್ರಾಂ ವಸ್ತುವನ್ನು ಒಂದು ಮೀಟರು ಮೇಲೆತ್ತಲು ಸುಮಾರು 9.8 ಜೂಲ್ ಕೆಲಸವಾಗುವುದು. ಕೆಲಸ ಮಾಡಬಲ್ಲ ಯೋಗ್ಯತೆಯೇ ಶಕ್ತಿ. ಆ ಪದದ ಮೂಲವಾದ ‘ಶಕ್’ ಧಾತುವಿನ ಅರ್ಥವೂ ‘ಮಾಡಬಲ್ಲವನಾಗು’ ಎಂದೇ. ಮೇಲೇರಿದ ನೀರಿನಲ್ಲಿ ಅದು ಅಡಗಿರುವುದು. ನೀರು ಬೀಳುವಾಗ ಪ್ರಕಟವಾಗುವುದು.

ಸಾಮರ್ಥ್ಯವಾದರೋ ಕೆಲಸದ ವೇಗ. ಕಲ್ಯಾಣ ನಗರದ ಎರಡು ಮನೆಗಳಲ್ಲಿ ನೆಲದ ತೊಟ್ಟಿಯಿಂದ ಮಾಳಿಗೆಯ ತೊಟ್ಟಿಗೆ ಸಮನಾದ ನೀರು ಸಮನಾದ ಎತ್ತರಕ್ಕೆ ಏರಲಿ. ಒಂದು ಮೋಟಾರು ಹತ್ತು ನಿಮಿಷದಲ್ಲಿಯೂ ಇನ್ನೊಂದು ಇಪ್ಪತ್ತು ನಿಮಿಷದಲ್ಲಿಯೂ ತುಂಬಿಸಿದರೆ, ನೀರನ್ನೆತ್ತಿದ ಕೆಲಸ ಒಂದೇ. ಅದನ್ನು ಮಾಡಿದ ಸಾಮರ್ಥ್ಯ ಮೊದಲನೆಯದರಲ್ಲಿ ಇಮ್ಮಡಿ. ಸೆಕೆಂಡಿಗೆ ಒಂದು ಜೂಲ್ ಎಂದರೆ ಒಂದು ವಾಟ್. ಸಾವಿರ ವಾಟಿನ ಯಂತ್ರವು ಒಂದು ಗಂಟೆ ನಡೆದರೆ ವ್ಯಯವಾಗುವುದು 36 ಲಕ್ಷ ಜೂಲ್. ವಿದ್ಯುತ್ ಬಿಲ್ಲಿನ ಒಂದು ಯೂನಿಟ್ ಇದೇ. ಆದುದರಿಂದ ದೀಪದ ಮೇಲೆ ಬರೆದ ವಾಟ್ ಸಾಮರ್ಥ್ಯದ ಅಳತೆ. ಬಿಲ್ಲಿನ ಯೂನಿಟ್ ಶಕ್ತಿಯ ಅಳತೆ.

ಇನ್ನು ನಲ್ಲಿಗೆ ಬರುವ ಕಾವೇರಿಯ ದಾರಿಯನ್ನು ನೋಡೋಣ. ಶಿವನಸಮುದ್ರದಲ್ಲಿ ಆಕೆ ಧುಮುಕುವ ಶಕ್ತಿಯಿಂದ 1902ರಲ್ಲಿ ವಿದ್ಯುತ್ತನ್ನು ಉತ್ಪಾದಿಸಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಒಯ್ದರು; 1905ರಲ್ಲಿ ಬೆಂಗಳೂರಿನಲ್ಲಿಯೂ ವಿದ್ಯುದ್ದೀಪ ಬೆಳಗಿತು. ಸಾವಿರ ಲೀಟರು ನೀರು ನೂರು ಮೀಟರು ಬಿದ್ದರೆ ಹೆಚ್ಚೆಂದರೆ 9.8 ಲಕ್ಷ ಜೂಲ್ ದೊರೆತೀತು. ಎಂದರೆ ಕಾಲು ಯೂನಿಟ್ಟಿಗಿಂತ ತುಸು ಹೆಚ್ಚು.

ಅದೇ ಕಾವೇರಿಯ ನೀರನ್ನು 1974ರಿಂದ, ತೊರೆಕಾಡನಹಳ್ಳಿಯ ಕಡೆಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಹಂತಹಂತವಾಗಿ ಬೆಂಗಳೂರಿಗೆ ಏರಿಸುತ್ತಿರುವರು. ನೆಲದ ಏರನ್ನೂ ಕೊಳವೆಯ ಘರ್ಷಣೆಯನ್ನೂ ಕೂಡಿಸಿದರೆ, ಪಂಪುಗಳು ಸುಮಾರು 500 ಮೀಟರು ಎತ್ತಿದಷ್ಟೇ ಶ್ರಮಪಡಬೇಕು. ಸಾವಿರ ಲೀಟರಿಗೆ ಇದು 49 ಲಕ್ಷ ಜೂಲ್, ಎಂದರೆ ಒಂದೂಕಾಲು ಯೂನಿಟ್ಟಿಗೂ ಮೇಲೆ. ಪಂಪಿನೊಳಗಿನ ನಷ್ಟ ಬೇರೆ. ನೂರು ಮೀಟರು ಬಿದ್ದು ನೀರು ಕೊಡಬಲ್ಲುದರ ಐದರಷ್ಟನ್ನು ನಾವು ಅದಕ್ಕೆ ತೆತ್ತು ಕರೆತರುತ್ತಿರುವೆವು.

ಹದಿನೈದು ಲೀಟರಿನ ಒಂದು ಬಕೆಟ್ಟಿಗೆ ಈ ಲೆಕ್ಕ 73,500 ಜೂಲ್. ಹತ್ತು ವಾಟಿನ ದೀಪವು ಎರಡು ಗಂಟೆ ಉರಿಯಲು ಇಷ್ಟು ಸಾಕು. ಮಕ್ಕಳಿಂದ ಈ ಗುಣಾಕಾರವನ್ನು ಒಮ್ಮೆ ಮಾಡಿಸಿರಿ. ಬಳಿಕ ನಲ್ಲಿಯನ್ನು ಬಿಗಿಯಾಗಿ ನಿಲ್ಲಿಸೆಂದು ಅವರಿಗೆ ಹೇಳಬೇಕಾಗಲಾರದು; ಅವರೇ ನಮಗೆ ಹೇಳಿಯಾರು.